ಹನ್ನೊಂದಕ್ಕೆ ನಿಂತ ಮುಳ್ಳು

ನಾನು ಒಂದು ಹಿಡಿತ ಅಳೆಯುವ ಯಂತ್ರ. ಆಸ್ಪತ್ರೆಯಲ್ಲಿ ನನಗೆ ಗ್ರಿಪ್ ಮೀಟರ್ ಅನ್ನುತ್ತಾರೆ. ರೋಗಿಗಳು ಇಕ್ಕಳ, ಅಡಕೊತ್ತು ಎಂದು ಬಾಯಿಗೆ ಬಂದದ್ದು ಅಂದಿದ್ದಾರೆ. ಅನ್ನಲಿ ಬಿಡಿ, ಅನ್ನುವವರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ? ನನ್ನನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಆ ಕೈಯಲ್ಲಿ ಎಷ್ಟು ಕಿಲೋ ಬಲ ಉಳಿದಿದೆ ಎಂದು ಹೇಳುತ್ತೇನೆ. ನನಗೆ ಗೊತ್ತಿರುವ ವಿದ್ಯೆ ಇದೊಂದೇ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯ ಎಣ್ಣೆ ಮೆತ್ತಿದ ಮೇಜಿನ ಮೇಲೆ. ತಿರುಪು ಬಿಗಿದು ಮುಗಿಸಿದ ಮುದುಕ ನನಗೆ ತೂಕದ ಕಲ್ಲು ನೇತುಹಾಕಿ ನೋಡಿದ. ಹತ್ತು ಕಿಲೋ ಹಾಕಿದರೆ ಹತ್ತು, ಇಪ್ಪತ್ತು ಹಾಕಿದರೆ ಇಪ್ಪತ್ತು. "ಇದು ಸುಳ್ಳು ಹೇಳೋ ಜಾತಿ ಅಲ್ಲ" ಎಂದು ಬೆನ್ನು ತಟ್ಟಿ ಪೆಟ್ಟಿಗೆಗೆ ಹಾಕಿದ. ಆ ಮಾತಿನಿಂದ ನನಗೆ ಬಂದ ಜಂಬ ಇವತ್ತಿಗೂ ಹೋಗಿಲ್ಲ.

ನನ್ನ ಮುಖ ಗಡಿಯಾರದ ಹಾಗೆ ಗುಂಡಗಿದೆ. ಅದರ ಮೇಲೆ ಎರಡು ಮುಳ್ಳು. ಕರಿ ಮುಳ್ಳು ಮರೆಗುಳಿ: ಒತ್ತುವಷ್ಟು ಹೊತ್ತು ಏರಿ ನಿಲ್ಲುತ್ತದೆ, ಕೈ ಬಿಟ್ಟ ಕ್ಷಣ ಸೊನ್ನೆಗೆ ಓಡಿಹೋಗುತ್ತದೆ. ಕೆಂಪು ಮುಳ್ಳು ಹಟಮಾರಿ: ಕರಿ ಮುಳ್ಳು ತನ್ನನ್ನು ಎಲ್ಲಿಯವರೆಗೆ ದೂಡಿತೋ ಅಲ್ಲೇ ನಿಂತುಬಿಡುತ್ತದೆ. ನಡುವಿನ ಗುಂಡಿಯನ್ನು ಹೆಬ್ಬೆರಳಿಂದ ತಿರುಗಿಸಿ ಅದನ್ನು ಸೊನ್ನೆಗೆ ತರಬೇಕು. ಕರಿ ಮುಳ್ಳನ್ನು ಮಾತ್ರ ಯಾರ ಹೆಬ್ಬೆರಳೂ ಮುಟ್ಟಲಾರದು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ವಿಜಯಪುರದ ಒಂದು ಆಸ್ಪತ್ರೆಗೆ ಬಂದೆ. ಲಕ್ವಾ ಹೊಡೆದವರು ಎಷ್ಟರ ಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ ಎಂದು ಅಲ್ಲಿ ಒಂದು ಸಂಶೋಧನೆ ನಡೆದಿತ್ತು. ಲಕ್ವಾ ಹೊಡೆದು ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ರೋಗಿಗಳ ಮನೆಗೆ ಹೋಗಿ ಅಳೆದು ಬರಬೇಕು. ಆ ಕೆಲಸ ರೇಣುಕಾ ಹೂಲಿ ಎಂಬವಳದು. ಇಪ್ಪತ್ತೆಂಟರ ಹುಡುಗಿ, ಸ್ಕೂಟಿಯ ಮೇಲೆ ಓಡಾಟ, ನಾನು ಅವಳ ಹೆಗಲಚೀಲದಲ್ಲಿ. ಐದು ವರ್ಷ ಹಾಗೇ ತಿರುಗಿದೆವು. ಎಷ್ಟು ಕೈ ಹಿಡಿದಿದ್ದೇನೋ! ಕಮ್ಮಾರನದು, ಮಾಸ್ತರರದು, ಬಸ್ಸಿನ ಡ್ರೈವರನದು. ಒಂದೊಂದು ಕೈಗೂ ಒಂದೊಂದು ರೀತಿ ಇರುತ್ತದೆ. ಬಲಗೈ ಹೇಗೆ ಹಿಡಿಯುತ್ತದೋ ಎಡಗೈಯೂ ಹಾಗೇ ಹಿಡಿಯುತ್ತದೆ, ಬಲ ಹೆಚ್ಚುಕಡಿಮೆ ಇರಬಹುದು ಅಷ್ಟೆ.

ರೇಣುಕಾಳ ಕರುಳು ಬಹಳ ಮೆತ್ತಗೆ. ಬಿದ್ದುಹೋದ ಕೈಯಿಂದ ರೋಗಿ ಹಲ್ಲು ಕಚ್ಚಿ ಒತ್ತುತ್ತಾನೆ, ಬೆವರು ಇಳಿಯುತ್ತದೆ, ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. "ಎಷ್ಟು ಬಂತ್ರೀ?" ಎಂದು ಕೇಳುವಾಗ ಅವನ ಮುಖ ನೋಡಲಾಗದೆ ಇವಳು ಯಾರಿಗೂ ಕಾಣದಂತೆ ಹೆಬ್ಬೆರಳಿಂದ ಕೆಂಪು ಮುಳ್ಳನ್ನು ಎರಡಕ್ಕೆ ಸರಿಸುತ್ತಿದ್ದಳು. "ನೋಡ್ರೀ ಕಾಕಾ, ಎರಡು ಬಂದೈತಿ!" ಮನೆಮಂದಿಯೆಲ್ಲ ಅರಳುತ್ತಿದ್ದರು. ಕಾಗದದಲ್ಲಿ ಬರೆಯುವುದು ಸೊನ್ನೆಯೇ. ತೋರಿಸುವುದು ಎರಡು, ಬರೆಯುವುದು ಸೊನ್ನೆ. ಇದರಿಂದ ಯಾರಿಗೆ ನಷ್ಟ ಎಂದು ಅವಳ ಲೆಕ್ಕ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಸುಳ್ಳು ಹೇಳದ ಜಾತಿ ನಾನು, ನನ್ನ ಮುಳ್ಳಿನಿಂದಲೇ ಸುಳ್ಳು ಹೇಳಿಸುತ್ತಿದ್ದಳಲ್ಲ!

ಹೀಗಿರುವಾಗ ಒಂದು ಮಧ್ಯಾಹ್ನ ದಾನವ್ವನ ಮನೆಗೆ ಹೋದೆವು.

ದಾನವ್ವನದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ. ಅವಳೂ ಅವಳ ಅಕ್ಕ ನೀಲವ್ವನೂ ಮೂವತ್ತು ವರ್ಷ ಆ ಒಲೆಯ ಮುಂದೆ ಎದುರುಬದುರು ಕೂತಿದ್ದರಂತೆ. ದಾನವ್ವ ಹಿಟ್ಟು ನಾದಿಕೊಡುವುದು, ನೀಲವ್ವ ರೊಟ್ಟಿ ಬಡಿಯುವುದು. ಮೂರು ವರ್ಷದ ಹಿಂದೆ ನೀಲವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಲಕ್ವಾ ಹೊಡೆದು ಅಲ್ಲೇ ಒರಗಿ ಹೋಗಿಬಿಟ್ಟಳು. ಈಗ ದಾನವ್ವನಿಗೂ ಅದೇ ಬೇನೆ. ಎಡಭಾಗ ಪೂರ್ತಿ ಬಿದ್ದುಹೋಗಿ ಆ ದಿನಕ್ಕೆ ಸರಿಯಾಗಿ ಮೂರು ತಿಂಗಳು. ಖಾನಾವಳಿ ನಡೆಸುತ್ತಿದ್ದವಳು ನೀಲವ್ವನ ಮಗಳು ಶಶಿಕಲಾ.

ಮೂರು ತಿಂಗಳಿನ ಆ ಅಳತೆಗೆ ಒಂದು ವಿಶೇಷವಿತ್ತು. ಬಿದ್ದ ಕೈಯಲ್ಲಿ ಒಂದು ಕಿಲೋ ಆದರೂ ಹಿಡಿತ ಕಂಡರೆ ಸಂಶೋಧನೆಯವರು ಮುಂದಿನ ಆರು ತಿಂಗಳು ದಿನಾ ಮನೆಗೇ ಬಂದು ಕೈಗೆ ವ್ಯಾಯಾಮ ಮಾಡಿಸುತ್ತಿದ್ದರು. ಸೊನ್ನೆ ಬಂದರೆ ಆ ಹೆಸರು ವ್ಯಾಯಾಮದ ಪಟ್ಟಿಯಿಂದ ಹೊರಗೆ. ದಾನವ್ವ ಮತ್ತೆ ಹಿಟ್ಟು ನಾದುತ್ತಾಳೋ ಇಲ್ಲವೋ ಎಂಬುದು ನನ್ನ ಮುಳ್ಳಿನ ಮೇಲೆ ನಿಂತಿತ್ತು.

ಬಲಗೈ ಇಪ್ಪತ್ತು ತೋರಿಸಿತು. ನಾಲ್ಕೂ ಬೆರಳು ಒಟ್ಟಿಗೆ ಒತ್ತುವ, ಹಿಟ್ಟು ನಾದಿ ಪಳಗಿದ ಕೈ. ಆಮೇಲೆ ರೇಣುಕಾ ನನ್ನನ್ನು ಎಡ ಅಂಗೈಯಲ್ಲಿಟ್ಟು "ಈಗ ಈ ಕೈಲೆ ಒತ್ರಿ ಅಮ್ಮಾ" ಎಂದಳು.

"ಅದು ನನ್ನ ಕೈ ಅಲ್ಲರೀ" ಎಂದಳು ದಾನವ್ವ, ಎಷ್ಟೋ ಸಹಜವಾಗಿ.

"ಮತ್ಯಾರದು?"

"ನಮ್ಮ ನೀಲಕ್ಕಂದು. ನಂದು ಎಲ್ಲಿ ಹೋಗೈತೋ ಯಾಂಬಲ್ಲ. ಎದ್ದು ನೋಡ್ತೀನಿ, ಇದು ಬಂದು ನನ್ನ ಮಗ್ಗಲದಾಗ ಮಲಗಿರ್ತೈತಿ."

ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಿದ್ದಾಗಿಂದ ಹಿಂಗ ಅಂತಾಳ್ರೀ ಮೇಡಂ. ಕೇಳಿದ್ರ ಅಂಜಿಕಿ ಬರ್ತೈತಿ." ಹೊರಗೆ ಗಿರಾಕಿ ಕೂಗಿದ್ದೇ ನೆವವಾಗಿ ಅವಳು ಎದ್ದುಹೋದಳು.

ರೇಣುಕಾ ಹೆದರಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ತಮ್ಮ ಕೈಯೇ ಪರರದೆನಿಸುತ್ತದೆ ಎಂದು ಅವಳು ಓದಿದ್ದಳು. "ಇರ್ಲಿ, ನೀಲಕ್ಕಗ ಹೇಳ್ರಿ ಒತ್ತು ಅಂತ" ಎಂದಳು. ಮೂರು ಸಲ ನೋಡಿದರು. ಸೊನ್ನೆ, ಸೊನ್ನೆ, ಸೊನ್ನೆ. ರೂಢಿಯಂತೆ ಹೆಬ್ಬೆರಳು ಬಂತು, ಕೆಂಪು ಮುಳ್ಳು ಎರಡಕ್ಕೆ ಸರಿಯಿತು. "ನೋಡ್ರಿ ಅಮ್ಮಾ, ಎರಡು."

ದಾನವ್ವ ನಕ್ಕುಬಿಟ್ಟಳು. "ನೀಲಕ್ಕಗ ಎರಡ? ದಿನಕ್ಕ ಮುನ್ನೂರು ರೊಟ್ಟಿ ಬಡದಾಕೀರೀ ಆಕಿ! ಒತ್ತು ಅಂದ್ರ ಒತ್ತಾಕಿ ಅಲ್ಲ, ಕೆಲಸ ಹೇಳಬೇಕು."

ರೇಣುಕಾ ನನ್ನನ್ನು ಆ ಅಂಗೈಯಲ್ಲೇ ಬಿಟ್ಟು, ಕಾಗದ ತೆಗೆಯಲು ಚೀಲದ ಕಡೆ ತಿರುಗಿದಳು. ದಾನವ್ವ ಒಲೆಯ ಕಡೆ ನೋಡುತ್ತ, ಮೂವತ್ತು ವರ್ಷ ಕರೆದ ದನಿಯಲ್ಲಿ ಕರೆದಳು: "ಅಕ್ಕಾ, ಹಿಟ್ಟು ಒಣಗಾಕತ್ತೈತಿ."

ಆಗ ನನ್ನನ್ನು ಹಿಡಿದರು.

ದಾನವ್ವ ಹಿಡಿದಳು ಎಂದು ನಾನು ಹೇಳಲಾರೆ. ಅವಳ ಕೈಯ ರೀತಿಯನ್ನು ಆಗಷ್ಟೇ ನೋಡಿದ್ದೆ. ಇದು ಒಣ, ಒರಟು ಹಿಡಿತ. ತೋರುಬೆರಳು, ನಡುಬೆರಳು, ಕಿರುಬೆರಳು ಮೂರೇ ಒತ್ತುತ್ತಿದ್ದವು. ಉಂಗುರದ ಬೆರಳು ಕಡ್ಡಿಯಂತೆ ಸೆಟೆದು ನಿಂತಿತ್ತು. ಕರಿ ಮುಳ್ಳು ಹನ್ನೊಂದಕ್ಕೆ ಏರಿತು, ಕೆಂಪು ಮುಳ್ಳನ್ನೂ ದೂಡಿಕೊಂಡು ಹೋಯಿತು. ಮೂರು ಎಣಿಸುವಷ್ಟು ಹೊತ್ತು. ಆಮೇಲೆ ಬಿಟ್ಟಿತು. ಕರಿ ಮುಳ್ಳು ಓಡಿಹೋಯಿತು, ಕೆಂಪು ಮುಳ್ಳು ಹನ್ನೊಂದರಲ್ಲೇ ನಿಂತಿತು. ಅಯ್ಯೋ, ನನಗೆ ಬಾಯಿ ಇದ್ದಿದ್ದರೆ!

ರೇಣುಕಾ ತಿರುಗಿ ನೋಡಿದಳು. ಹನ್ನೊಂದು! ಅವಳ ಕಣ್ಣು ಒಂದು ಗಳಿಗೆ ಬೆಳಗಿತು. ಮರುಗಳಿಗೆಗೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ತಾ ಕಳ್ಳ ಪರರ ನಂಬ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಐದು ವರ್ಷ ಆ ಮುಳ್ಳನ್ನು ಸರಿಸಿದವಳು ತಾನು. ಇವತ್ತು ಎರಡಕ್ಕೆ ತಂದು ಕೈ ತೆಗೆಯುವಾಗ ಹೆಬ್ಬೆರಳು ತಾಗಿ ಅದು ಹನ್ನೊಂದಕ್ಕೆ ಜಾರಿರಬೇಕು ಎಂದುಕೊಂಡಳು.

"ಹಿಡಿದಳೇನ್ರಿ?" ಎಂದಳು ದಾನವ್ವ.

"ಮತ್ತೊಮ್ಮೆ ಹಿಡೀಲಿ, ನೋಡೂಣು."

"ಒಮ್ಮೆ ಮಾಡಿದ ಕೆಲಸ ಮತ್ತ ಮಾಡು ಅಂದ್ರ ಆಕಿ ಮಾಡಂಗಿಲ್ಲ. ಮೊದಲ ಹಿಡಿದದ್ದನ್ನ ಬರಕೋರಿ. ಇಲ್ಲಂದ್ರ ಅಕ್ಕ ಸಿಟ್ಟಾಗ್ತಾಳ."

ರೇಣುಕಾ ಮತ್ತೆ ಮೂರು ಸಲ ನೋಡಿದಳು. ಮುಳ್ಳು ಅಲ್ಲಾಡಲಿಲ್ಲ. ಅವಳು ಸೊನ್ನೆ ಬರೆದಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗೋಡೆಯ ಮೇಲಿನ ನೀಲವ್ವನ ಫೋಟೋದಲ್ಲಿ ಎಡಗೈಯ ಒಂದು ಬೆರಳು ಸೆಟೆದಿದ್ದುದು ಕಂಡು, "ಇವರ ಬೆರಳಿಗೆ ಏನಾಗಿತ್ತು?" ಎಂದು ಕೇಳಿದಳು. ಶಶಿಕಲಾ ಹೇಳಿದಳು: "ಉಂಗುರದ ಬೆರಳು ಹಂಚಿಗೆ ಹತ್ತಿ ಸುಟ್ಟಿತ್ರೀ. ಆಮ್ಯಾಲ ಅದು ಮಡಚಲೇ ಇಲ್ಲ." ರೇಣುಕಾ "ಪಾಪ" ಎಂದು ಸ್ಕೂಟಿ ಹತ್ತಿದಳು. ಸೆಟೆದ ಬೆರಳಿನ ಸಂಗತಿ ಗೊತ್ತಿದ್ದದ್ದು ಚೀಲದೊಳಗಿದ್ದ ನನಗೆ ಮಾತ್ರ.

ಆರು ತಿಂಗಳಿನ ಅಳತೆಗೆ ಮತ್ತೆ ಹೋದೆವು. ಆ ಮೂರು ತಿಂಗಳು ರೇಣುಕಾ ಯಾರ ಮುಂದೆಯೂ ಕೆಂಪು ಮುಳ್ಳನ್ನು ಸರಿಸಿರಲಿಲ್ಲ. ಅನುಮಾನದ ಹುಳ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ದಾನವ್ವನ ಎಡಗೈ ಬಿಗಿದ ಮುಷ್ಟಿಯಾಗಿತ್ತು, ಉಗುರು ಅಂಗೈಗೆ ನಾಟಿತ್ತು. ನನ್ನನ್ನು ಒಳಗೆ ತೂರಿಸಲೂ ಜಾಗವಿಲ್ಲ. ರೇಣುಕಾ ಸುತ್ತ ನೋಡಿ, ನಾಚಿಕೆ ಬಿಟ್ಟು, ತಾನೇ ಕರೆದಳು: "ಅಕ್ಕಾ, ಹಿಟ್ಟು ಒಣಗಾಕತ್ತೈತಿ."

ದಾನವ್ವ ತಲೆ ಅಲ್ಲಾಡಿಸಿದಳು. "ಆಕಿ ಹೋದಳು, ತಂಗಿ. ಬರಕೋತಾರಂತ ಒಂದು ತಿಂಗಳು ಕಾದಳು, ಹೋದಳು. ಈಗ ಇದು ನಂದ ಕೈ." ಬಲಗೈಯಿಂದ ಆ ಮುಷ್ಟಿಯನ್ನು ತಟ್ಟಿದಳು. "ನಂದು. ಅದಕ್ಕ ಸುಮ್ಮನ ಬಿದ್ದೈತಿ."

ಕೈ ತನ್ನದೆಂದು ರೋಗಿ ಒಪ್ಪಿದರೆ ಅದು ಸುಧಾರಣೆ. ಕಾಗದದಲ್ಲಿ ಅದಕ್ಕೊಂದು ಸಾಲು ಇತ್ತು, ರೇಣುಕಾ ಅಲ್ಲಿ ಗುರುತು ಹಾಕಿದಳು. ಹಾಕುತ್ತ ಹಾಕುತ್ತ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ದೊಡ್ಡ ಡಾಕ್ಟರ ಮುಂದೆ ನಿಂತು ತನ್ನ ಹೆಬ್ಬೆರಳಿನ ಕಥೆಯನ್ನೆಲ್ಲ ಹೇಳಿಕೊಂಡಳು. ಅವರು ಫೈಲು ತಿರುವಿ, "ಬರೆದದ್ದೆಲ್ಲ ಸರಿ ಐತೆಲ್ಲವಾ. ಸೊನ್ನಿ ಇದ್ದಲ್ಲಿ ಸೊನ್ನೀನ ಬರದೀಯಿ" ಎಂದರು.

ಮುಂದೆ ಬ್ಯಾಟರಿಯ ಹೊಸ ಯಂತ್ರ ಬಂತು. ಅದಕ್ಕೆ ಮುಳ್ಳೇ ಇಲ್ಲ, ಅಂಕಿ ತಾನಾಗಿ ಮೂಡುತ್ತದೆ. ರೇಣುಕಾ ನನ್ನ ಕೆಂಪು ಮುಳ್ಳನ್ನು ಸೊನ್ನೆಗೆ ತಂದು, ಹಳೆಯ ಫೈಲುಗಳ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ದಾನವ್ವ ತೀರಿಕೊಂಡ ಸುದ್ದಿ ಅಲ್ಲಿದ್ದಾಗಲೇ ಕಿವಿಗೆ ಬಿತ್ತು. ಮುದಿತನಕ್ಕೆ ಇಷ್ಟು ಶಾಂತಿ ಸಾಕು ಎಂದುಕೊಂಡಿದ್ದೆ.

ಆದರೆ ಊಟದ ಹೊತ್ತಿಗೆ, ಹೊರಗೆ ಗದ್ದಲ ಅಡಗಿದಾಗ, ನನ್ನನ್ನು ಹಿಡಿಯುತ್ತಿದ್ದರು. ಮೂರೇ ಬೆರಳು. ಮೊದಮೊದಲು ಕ್ಷಣಮಾತ್ರ. ಬರಬರುತ್ತ ಬಹಳ ಹೊತ್ತು.

ಮೊನ್ನೆ ಮಧ್ಯಾಹ್ನ ರೇಣುಕಾ ಯಾವುದೋ ಫೈಲಿಗಾಗಿ ಬೀಗ ತೆಗೆದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ಕೆಂಪು ಮುಳ್ಳು ಹನ್ನೊಂದರಲ್ಲಿ ನಿಂತದ್ದನ್ನು ನೋಡಿದಳು. ಅಂದಿನಂತೆಯೇ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಕಣ್ಣು ಕರಿ ಮುಳ್ಳಿನ ಮೇಲೆ ಹೋಯಿತು. ಅದೂ ಹನ್ನೊಂದರಲ್ಲೇ ಇತ್ತು.

ಅವಳು ಕಿರುಚಲಿಲ್ಲ. ಫೈಲಿನಿಂದ ಒಂದು ಖಾಲಿ ಕಾಗದ ಎಳೆದಳು, ಕಪಾಟಿನ ಬಾಗಿಲಿಗೇ ಆನಿಸಿ ಬರೆದಳು. ಅಕ್ಷರಗಳು ನೆಟ್ಟಗಿದ್ದವು. ಎಡಗೈ, ಹನ್ನೊಂದು ಕಿಲೋ.

"ಬರಕೊಂಡೀನಿ, ನೀಲಕ್ಕಾ" ಎಂದಳು.

ಮೂರು ಬೆರಳು ಒಂದೊಂದಾಗಿ ಸಡಿಲವಾದವು. ಕರಿ ಮುಳ್ಳು ಮೆಲ್ಲಗೆ ಇಳಿದು ಸೊನ್ನೆ ಸೇರಿತು. ಅವತ್ತಿನಿಂದ ನನ್ನನ್ನು ಯಾರೂ ಹಿಡಿದಿಲ್ಲ. ಹಿಡಿದವರು ಯಾರು ಎಂದು ನನ್ನನ್ನು ಕೇಳಬೇಡಿ, ಎಷ್ಟು ಎಂದು ಹೇಳುವುದಷ್ಟೇ ನನಗೆ ಗೊತ್ತಿರುವುದು. ಕೆಂಪು ಮುಳ್ಳು ಇನ್ನೂ ಹನ್ನೊಂದರಲ್ಲೇ ಇದೆ. ರೇಣುಕಾ ಅದನ್ನು ತಿರುಗಿಸದೆ ಬೀಗ ಹಾಕಿಕೊಂಡು ಹೋದಳು.