ಮೂರು ದಿನ ಬಿಚ್ಚದ ಪಟಕಾ

ಭಂಕೂರಿನ ನಮ್ಮ ತಾಲೀಮಿನಲ್ಲಿ, ಅಂದರೆ ಕುಸ್ತಿ ಕಲಿಸುವ ಮನೆಯಲ್ಲಿ, ಗುರುವಾದ ವಸ್ತಾದ ಕಟ್ಟಿದ ಗಂಟನ್ನು ವಸ್ತಾದನೇ ಬಿಚ್ಚಬೇಕು. ನನ್ನ ವಸ್ತಾದರ ಕಾಲದಿಂದ ಬಂದ ಪದ್ಧತಿ ಇದು. ಪೈಲ್ವಾನನ ಕೈಕಾಲು ಉಳುಕಿದರೆ ಔಡಲ ಎಣ್ಣೆ ತಿಕ್ಕಿ, ಎಕ್ಕದ ಎಲೆ ಇಟ್ಟು, ತಲೆಗೆ ಸುತ್ತುವ ಹಳೆಯ ಪಟಕಾದಿಂದ ಬಿಗಿಯುತ್ತೇನೆ. ಗುಲಾಮ ದಸ್ತಗೀರ ಕಟ್ಟಿದ್ದು ಎತ್ತು ಎಳೆದರೂ ಸಡಿಲಾಗದು ಎಂದು ಜನ ಹೇಳುತ್ತಿದ್ದರು. ಕೇಳಿ ನಾನು ಹಿಗ್ಗುತ್ತಲೂ ಇದ್ದೆ.

ಹೋದ ಚಳಿಗಾಲ ಆಡಕಿಯಲ್ಲಿ ಕುಸ್ತಿ ಇತ್ತು. ನನ್ನ ಶಿಷ್ಯ ರತ್ನದೀಪ ಕುರಕುಂಟಾದ ಪೈಲ್ವಾನನನ್ನು ಚಿತ್ ಮಾಡಿದ. ಇಪ್ಪತ್ತೆರಡರ ಹುಡುಗ, ಹಗಲು ಕಲ್ಲಿನ ಪಾಲಿಶ್ ಮಶಿನ್ ಮುಂದೆ ನಿಲ್ಲುತ್ತಾನೆ. ಸೋಲುವ ಮುಂಚೆ ಆ ಕುರಕುಂಟಾದವನು ಇವನ ಬಲಗಾಲಿಗೆ ಕಾಲು ಸುತ್ತಿ ಒಮ್ಮೆ ತಿರುವಿದ್ದ. ಸಂಜೆಗೆ ಮೊಣಕಾಲು ಬಾತಿತು. ನಾನು ಬಿಗಿಯಾಗಿ ಪಟಕಾ ಕಟ್ಟಿ, "ನಾ ಬರೂತನಕ ಮುಟ್ಟಬ್ಯಾಡ" ಎಂದು ಹೇಳಿ, ಮರುದಿನ ಬೆಳಿಗ್ಗೆ ತಂಗಿಯ ಮೊಮ್ಮಗಳ ಮದುವೆಗೆ ಚಿಂಚೋಳಿಗೆ ಹೋದೆ. ಒಂದು ದಿನಕ್ಕೆಂದು ಹೋದವನನ್ನು ಅವರು ಬಿಡಲಿಲ್ಲ. ಮೂರು ದಿನ ಉಂಡೆ.

ಬಂದು ನೋಡಿದರೆ ಕಟ್ಟು ಕಟ್ಟಿದ ಹಾಗೆಯೇ ಇದೆ. ಬಿಚ್ಚಿದೆ. ಚರ್ಮದ ಮೇಲೆ ಪಟಕಾದ ನೇಯ್ಗೆ ಅಚ್ಚೊತ್ತಿತ್ತು. ರತ್ನದೀಪ ಎದ್ದು ನಡೆದ. ಪಾದ ಮೇಲೇಳಲಿಲ್ಲ. ಬೆರಳು ನೆಲಕ್ಕೆ ಎಳೆದುಕೊಂಡು, ಹೆಜ್ಜೆಗೊಮ್ಮೆ ಪಟ್ ಎಂದು ಬಡಿಯಿತು.

"ಜುಮ್ ಅನ್ನಲಿಲ್ಲೇನೋ?" ಎಂದೆ.

"ಮೊದಲ ದಿನ ಅಂತ್ರಿ. ಆಮ್ಯಾಲ ಅದೂ ನಿಂತ್ತು. ಗುಣ ಆಗಾಕತ್ತದ ಅಂತ ತಿಳಕೊಂಡೆ."

"ಸಡಿಲ ಮಾಡಬೇಕಿಲ್ಲ?"

"ನೀವು ಮುಟ್ಟಬ್ಯಾಡ ಅಂದಿದ್ರಿ."

ನಾನು ಪಟಕಾ ಸುತ್ತಿ ಮೂಲೆಗಿಟ್ಟೆ.

ಅವನ ತಾಯಿ ದ್ರೌಪದಿ ಮಗನನ್ನು ಶಹಾಬಾದಿನ ಡಾಕ್ಟರಿಗೆ ತೋರಿಸಿದಳು. ಅವರು ಅಲ್ಲೇ ಹತ್ತಿರದ ಫಿಜಿಯೋಥೆರಪಿಗೆ ಕಳಿಸಿದರು. ನಾನೂ ಹೋದೆ, ಜೇಬಿನಲ್ಲಿ ಎಣ್ಣೆಯ ಶೀಶೆ ಇಟ್ಟುಕೊಂಡು. ಅಲ್ಲಿದ್ದವಳು ಚಿತ್ತಾಪುರದ ಹುಡುಗಿ ನಾಹಿದ. ಮೂವತ್ತು ದಾಟಿರಲಿಕ್ಕಿಲ್ಲ. ಇವಳೇನು ನೋಡ್ಯಾಳು ಎಂದುಕೊಂಡೆ.

ನೋಡಿದಳು, ಅರ್ಧ ತಾಸು ನೋಡಿದಳು. ಮೊದಲು ನಡೆಸಿದಳು. ಸೊಂಟ ಬಗ್ಗಿಸಿದಳು. ಪಾದ ಒಳಗೆ ಹೊರಳಿಸು ಎಂದಳು, ಹೊರಳಿತು. ಹೊರಗೆ ಹೊರಳಿಸು ಎಂದಳು, ಹೊರಳಲಿಲ್ಲ. ಮೇಲೆತ್ತು ಎಂದಳು, ಮುಖ ಕೆಂಪಾಯಿತೇ ಹೊರತು ಪಾದ ಏಳಲಿಲ್ಲ. ಪಾದದ ಬಲಕ್ಕೆ ಐದಕ್ಕೆ ಸೊನ್ನೆ ಎಂದು ಕಾಗದದಲ್ಲಿ ಬರೆದಳು. ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿದಳು. ಅಂಗಾಲಿಗೆ ತಿಳಿಯಿತು, ಪಾದದ ಮೇಲ್ಭಾಗಕ್ಕೆ ತಿಳಿಯಲಿಲ್ಲ. ಮೊಣಕಾಲಿನ ಹೊರಮಗ್ಗುಲಿಗೆ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಎಲುಬಿನ ಗುಬುಟು ಇದೆಯಲ್ಲ, ಅಲ್ಲಿ ಬೆರಳಿನಿಂದ ತಟ್ಟಿದಳು. ರತ್ನದೀಪ ಹೌಹಾರಿದ.

"ಕರೆಂಟ್ ಹೊಡದಂಗ ಆತೇನು?"

"ಹೂಂ ಮೇಡಂ. ಪಾದದತನಕ."

"ನರ ಇಲ್ಲೇ ಪೆಟ್ಟು ತಿಂದದ. ಈಗ ಖರೇ ಹೇಳು. ಪಾದ ಬಿದ್ದದ್ದು ಯಾವಾಗ?"

ರತ್ನದೀಪ ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡುತ್ತ ಹೇಳಿದ: "ಕುಸ್ತಿಯೊಳಗೇ ಮೇಡಂ. ಅವ ತಿರುವಿದಾಗ ಟಪ್ ಅಂತು. ಆವಾಗಿಂದನ ಎದ್ದಿಲ್ಲ."

ನಾಹಿದಳ ಮುಖ ಸಣ್ಣದಾಯಿತು. ಕುರ್ಚಿ ಎಳೆದುಕೊಂಡು ದ್ರೌಪದಿಯ ಎದುರು ಕುಳಿತಳು. "ಅಕ್ಕಾರೆ, ತಿರುವಿದಾಗಲೇ ಹೋಗ್ಯಾದಂದ್ರ ನರ ಜಗ್ಗಿ ಹರದಿರಬಹುದು. ಕಲಬುರಗಿಗೆ ದೊಡ್ಡ ಡಾಕ್ಟರ ಹತ್ರ ಬರದು ಕೊಡ್ತೀನಿ. ಆಪರೇಶನ್ ಅಂದ್ರೂ ಅನ್ನಬಹುದು. ಮತ್ತ ಕುಸ್ತಿ ಆಡ್ತಾನಂತ ನಾ ಮಾತು ಕೊಡಾಂಗಿಲ್ಲ."

ದ್ರೌಪದಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗ ನನ್ನ ಮಾನ ಉಳಿಸಲು ತನ್ನ ಕಾಲನ್ನೇ ಅಡ ಇಡುತ್ತಿದ್ದ. ನನಗೆ ಐವತ್ತೈದು ವರ್ಷದ ಹಿಂದಿನ ಒಂದು ಸಂಗತಿ ನೆನಪಾಯಿತು. ನನ್ನ ವಸ್ತಾದರು ನನ್ನ ಮೊಣಕಾಲಿಗೂ ಹೀಗೇ ಕಟ್ಟಿದ್ದರು. ಆದರೆ ಅವರು ಊರು ಬಿಟ್ಟು ಹೋಗುತ್ತಿರಲಿಲ್ಲ. ಪ್ರತಿ ನಮಾಜಿನ ಹೊತ್ತಿಗೆ ಬಂದು, ಬಿಚ್ಚಿ, ಬೆರಳು ಹಿಸುಕಿ ನೋಡಿ, ಮತ್ತೆ ಕಟ್ಟುತ್ತಿದ್ದರು. ನಾನು ಕಟ್ಟುವುದನ್ನಷ್ಟೇ ಕಲಿತಿದ್ದೆ.

"ಅವ ಸುಳ್ಳು ಹೇಳಾಕತ್ತಾನ ಬೇಟಾ," ಎಂದೆ. "ಕುಸ್ತಿ ಆದಮ್ಯಾಗ ಅವನ ಪಾದ ನೆಟ್ಟಗಿತ್ತು. ಬಿದ್ದದ್ದು ನಾ ಕಟ್ಟಿದ ಪಟಕಾದಿಂದ. ಮೂರು ದಿನ ಬಿಚ್ಚಿಲ್ಲ."

"ವಸ್ತಾದ್ರಿ, ಸುಮ್ಮಕಿರ್ರಿ," ಎಂದ ರತ್ನದೀಪ.

"ನೀ ಸುಮ್ಮಕಿರು," ಎಂದಳು ನಾಹಿದ. "ಚಾಚಾ, ನೆಟ್ಟಗಿತ್ತಂತ ಹ್ಯಾಂಗ ಹೇಳ್ತೀರಿ?"

"ಆಡಕಿಯಿಂದ ಬಂದು ಜೀಪ್ ಇಳದು ಇವ ಆ ಕುರಕುಂಟಾದವನ ನಕಲಿ ಮಾಡಿದ. ಅವ ಎದಿ ಸೆಟಿಸಿ ಹಿಮ್ಮಡಿ ಮ್ಯಾಲ ನಡೀತಾನ, ಬಾತುಕೋಳಿ ಹಂಗ. ಇವ ತಾಲೀಮಿನ ಬಾಗಲದಿಂದ ಬೇವಿನ ಗಿಡದತನಕ ಹಂಗೇ ನಡದ. ಹನ್ನೊಂದು ಮಂದಿ ನಕ್ಕೇವಿ. ಹೆಸರು ಬೇಕಂದ್ರ ಹೇಳ್ತೀನಿ."

"ಹಿಮ್ಮಡಿ ಮ್ಯಾಲ? ಎರಡೂ ಪಾದ ಎತ್ತಿ?"

"ಎರಡೂ."

ನಾಹಿದ ಪೆನ್ನು ಕೆಳಗಿಟ್ಟು ನಕ್ಕಳು. "ಚಾಚಾ, ಇವತ್ತು ನಾ ಕೇಳಿದ್ದರಾಗ ಇದೇ ಛಲೋ ಸುದ್ದಿ. ಅವತ್ತು ಪಾದ ಎದ್ದದಂದ್ರ ನರ ಹರದಿಲ್ಲ. ಆ ಗುಬುಟಿನ ಮ್ಯಾಲ ನರ ಬರೇ ಚರ್ಮದ ಕೆಳಗ ಇರ್ತದ, ಮಾಂಸ ಇರಾಂಗಿಲ್ಲ. ಮೊದಲೇ ಬಾತಿತ್ತು, ನಿಮ್ಮ ಪಟಕಾ ಅದನ್ನ ಎಲುಬಿಗಿ ಒತ್ತಿ ಹಿಡದದ. ನರ ಮಲಗ್ಯಾದ. ಎಬ್ಬಸ್ಬೇಕು."

"ಛಲೋ ಸುದ್ದಿಯಂತ," ಎಂದಳು ದ್ರೌಪದಿ ನನ್ನ ಕಡೆ ತಿರುಗಿ. "ನೀವು ಮದುವಿ ಊಟ ಉಣ್ಣಾಕತ್ತಿದ್ರಿ, ನನ ಮಗನ ಕಾಲು ಮಲಗ್ತು. ಸ್ವೀಟ್ ಏನ್ ಮಾಡಿದ್ರು?"

"ಖುಬಾನಿ," ಎಂದೆ ತಲೆ ತಗ್ಗಿಸಿ.

"ಖುಬಾನಿ ಸಲುವಾಗಿ ಹೋತು ನೋಡ್ರಿ ಮೇಡಂ."

ನಾಹಿದ ಒಂದು ಗಡುವನ್ನೂ ಹೇಳಿದಳು. ಆರು ವಾರದೊಳಗೆ ಹೆಬ್ಬೆರಳು ಅಲುಗದಿದ್ದರೆ ಕಲಬುರಗಿಗೆ ಹೋಗಲೇಬೇಕು. ಪಾದ ಜೋತು ಬೀಳದಂತೆ ಬೂಟಿನೊಳಗೆ ಇಡುವ ಪ್ಲಾಸ್ಟಿಕ್ ಪಟ್ಟಿ ಕೊಟ್ಟಳು. ಟವೆಲ್ಲಿನಿಂದ ಪಾದವನ್ನು ತನ್ನ ಕಡೆ ಎಳೆದು ಹಿಡಿಯುವುದನ್ನು ಕಲಿಸಿದಳು. ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಬೇಡ ಎಂದಳು. ಕಾಸಿದ ಇಟ್ಟಿಗೆಯ ಶಾಖ ಕೊಡಲೇ ಎಂದು ನಾನು ಕೇಳಿದೆ. "ಅವನಿಗಿ ಸುಟ್ಟರೂ ತಿಳೆಂಗಿಲ್ಲ ಚಾಚಾ. ಒಂದು ಪಟಕಾ ಸಾಕಾಗಿಲ್ಲೇನು?" ಎಂದಳು. ಜೇಬಿನ ಶೀಶೆ ಕಂಡು, ಮೀನಖಂಡಕ್ಕೆ ಮಾತ್ರ ಮೆಲ್ಲಗೆ ಎಣ್ಣೆ ಹಚ್ಚಲು ಒಪ್ಪಿದಳು. ಗುಬುಟಿನ ಹತ್ತಿರ ಕೈ ಹೋಗಬಾರದು.

ನನಗೂ ಒಂದು ಕೆಲಸ ಕೊಟ್ಟಳು. ದಿನಾ ಬೆಳಿಗ್ಗೆ ಅವನ ಹಿಮ್ಮಡಿ ನೆಲಕ್ಕೂರಿಸಿ, "ಎತ್ತು" ಎನ್ನಬೇಕು. ಏಳದಿದ್ದರೂ ಎನ್ನಬೇಕು. ಅವನೂ ಏಳುತ್ತದೆಂದೇ ಎತ್ತಬೇಕು.

ಮರುದಿನದಿಂದ ತಾಲೀಮಿನಲ್ಲಿ ಅದೇ ನಡೆಯಿತು. ಎತ್ತು, ಎತ್ತು, ಎತ್ತು. ಪೈಲ್ವಾನರು ಸುತ್ತ ನಿಂತು ಹಾಸ್ಯ ಮಾಡುವರು. ಚಾಂದ್ ಎಂಬವನು, "ವಸ್ತಾದ್ರಿ, ಕಾಲಿಗಿ ಕನ್ನಡ ಬರಾಂಗಿಲ್ಲೇನೋ, ಉರ್ದುದಾಗ ಹೇಳಿ ನೋಡ್ರಿ," ಎಂದ. ಉರ್ದುವಿನಲ್ಲೂ ಹೇಳಿದೆ. ಏಳಲಿಲ್ಲ. ವಾರಕ್ಕೆ ಮೂರು ಸಲ ಶಹಾಬಾದಿಗೆ ಹೋಗಿ ಸಣ್ಣ ಕರೆಂಟಿನ ಯಂತ್ರ ಹಚ್ಚಿಸಿಕೊಂಡು ಬಂದೆವು. ನಾಲ್ಕು ವಾರ ಮುಗಿಯಿತು. ಐದು ಮುಗಿಯಿತು. ನನಗೆ ಅನ್ನ ಸೇರದಾಯಿತು. ಒಂದು ದಿನ ದ್ರೌಪದಿಯೇ ರೊಟ್ಟಿ ಪುಂಡಿಪಲ್ಯ ತಂದಿಟ್ಟು, "ಉಣ್ರಿ, ನೀವೂ ಬಿದ್ರ ಎತ್ತು ಅನ್ನಾವ್ರು ಯಾರು?" ಎಂದಳು.

ಮೂವತ್ತೊಂಬತ್ತನೆಯ ಬೆಳಿಗ್ಗೆ ಎತ್ತು ಎಂದೆ. ಹೆಬ್ಬೆರಳು ಕದಲಿತು. ಇರುವೆ ಕಚ್ಚಿತೇನೋ ಎಂದು ನೆಲ ನೋಡಿದೆ. ಇರುವೆ ಇರಲಿಲ್ಲ. ರತ್ನದೀಪನೂ ನೋಡಿದ್ದ.

"ಇನ್ನೊಮ್ಮಿ," ಎಂದೆ.

ಇನ್ನೊಮ್ಮೆ ಕದಲಿತು. ಚಾಂದ್ ಓಡಿ ಹೋಗಿ ದ್ರೌಪದಿಯನ್ನು ಕರೆತಂದ. ಅವಳು ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದು ಕಾಲ ಬಳಿ ಕುಳಿತಳು. ಅವಳಿಗಾಗಿ ಆರು ಸಲ ಕದಲಿಸಬೇಕಾಯಿತು.

ಅಂದೇ ಶಹಾಬಾದಿಗೆ ಹೋದೆವು. ನಾಹಿದ ಮಂಡಿಯೂರಿ ಕುಳಿತು, ಬೆರಳಿಟ್ಟು ಸ್ನಾಯು ಮುಟ್ಟಿ ನೋಡಿ, ಕಾಗದದಲ್ಲಿ ಬರೆದಳು.

"ಐದಕ್ಕ ಎರಡು."

"ಫೇಲಾದಂಗಾತಲ್ಲ ಮೇಡಂ," ಎಂದ ರತ್ನದೀಪ.

"ಹೋದ ಸಲ ಸೊನ್ನಿ ತಗೊಂಡಿದ್ದಿ, ನೆನಪದನಿಲ್ಲ? ಕಲಬುರಗಿ ಸದ್ಯ ಬ್ಯಾಡ. ಐದಕ್ಕ ಐದು ಬಂದ ದಿನ ಮಣ್ಣಿಗಿ ಇಳಿ. ಅಲ್ಲೀತನಕ ಇಳದೀ ಅಂದ್ರ ನಾನೇ ಬಂದು ಚಿತ್ ಮಾಡ್ತೀನಿ."

ಬಸ್‌ಸ್ಟ್ಯಾಂಡಿನ ತನಕ ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ನಾನು ಆ ಎರಡರ ಸುದ್ದಿ ಹೇಳಿದೆ. ಒಬ್ಬ, "ಎಷ್ಟಕ್ಕ ಎರಡು?" ಎಂದು ಕೇಳಿದ. ಐದಕ್ಕೆ ಎಂದೆ. ಅವನು ಕನಿಕರದಿಂದ ನನ್ನ ಮುಖ ನೋಡಿದ. ನಾನು ಮೊದಲಿನಿಂದ ಮತ್ತೆ ಹೇಳತೊಡಗಿದೆ. ಅಷ್ಟರಲ್ಲಿ ಭಂಕೂರಿನ ಬಸ್ಸು ಬಂತು, ದ್ರೌಪದಿ ನನ್ನ ತೋಳು ಹಿಡಿದು ಹತ್ತಿಸಿದಳು.