ಬರೀ ನೆಲಕ್ಕೆ ಸರಿದ ಸುಶೀಲಕ್ಕ

ನಾನು ನವಲಗುಂದದ ಜಮಖಾನ. ಹುಟ್ಟಿದ್ದು ಜೈತುನಬಿಯ ಮನೆಯ ಮಗ್ಗದ ಮೇಲೆ. ಎಳೆ ಬಿಗಿಯಾಗಿ ಕೂರಲೆಂದು ಆಕೆ ಪಂಜಾ ಅನ್ನುವ ಕಬ್ಬಿಣದ ಬಾಚಣಿಗೆಯಿಂದ ನನ್ನನ್ನು ಬಡಿದದ್ದೇ ಬಡಿದದ್ದು. ಆ ಪೆಟ್ಟಿನ ಮುಂದೆ ರಾಜಕಾರಣಿಗಳ ತುಳಿತ ಏನೇನೂ ಅಲ್ಲ. ಆದರೂ ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಬಾಳಿಕೆ ಬರಲೆಂದು ಬಡಿದಳು.

ನನ್ನನ್ನು ಕೊಂಡವರು ಗದಿಗೆಪ್ಪ ಮಾಸ್ತರರು. ಶಾಲೆಯ ಕೆಲಸ ಬಿಟ್ಟು ಹುಬ್ಬಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ ಪಕ್ಷ ಕಟ್ಟಿದ ಮನುಷ್ಯ. ಸಭೆಯಲ್ಲಿ ಕೈ ಎತ್ತಿಸುವುದು ಅವರಿಗೆ ಸೇರುತ್ತಿರಲಿಲ್ಲ. "ಕೈ ಎತ್ತೂದು ಭಾಳ ಹಗುರ ಕೆಲಸ. ಒಪ್ಪಿದವರು ಜಮಖಾನದ ಮ್ಯಾಲೆ ಕೂತಿರ್ರಿ, ಒಪ್ಪದವರು ಬರೀ ನೆಲಕ್ಕ ಸರೀರಿ" ಅನ್ನುತ್ತಿದ್ದರು. ನೆಲಕ್ಕೆ ಸರಿದವರಿಗೆ ಮೊದಲು ಚಹಾ. ಅವರ ಮಾತು ಮುಗಿಯುವ ತನಕ ಸಭೆ ಮುಗಿಯುವಂತಿಲ್ಲ. ಎಷ್ಟೋ ಸಲ ಒಬ್ಬನ ಮಾತಿಗೆ ಮನಸ್ಸು ಕರಗಿ ಎಲ್ಲರೂ ನೆಲಕ್ಕೆ ಸರಿದುಬಿಡುತ್ತಿದ್ದರು, ನಾನು ಖಾಲಿ ಬಿದ್ದಿರುತ್ತಿದ್ದೆ. ಹಾಗೆ ಖಾಲಿ ಬಿದ್ದಿರುವುದು ನನಗೆ ಖುಷಿಯೇ.

ಮಾಸ್ತರರು ತೀರಿಕೊಂಡರು. ಪಕ್ಷ ಅಧಿಕಾರಕ್ಕೆ ಬಂತು, ಸೋಫಾ ಬಂದವು, ನನ್ನನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಅಧಿಕಾರ ಹೋಯಿತು, ಅದರ ಹಿಂದೆಯೇ ಸೋಫಾನೂ ಹೋದವು, ನಾನು ಕೆಳಗಿಳಿದೆ. ಅಷ್ಟರಲ್ಲಿ ಪಕ್ಷ ಗುರುಸಿದ್ದಗೌಡರ ಕೈಗೆ ಬಂದಿತ್ತು. ಮುಖಂಡರ ಮೊಣಕಾಲು ಸೋತಿದ್ದವು. ನನ್ನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ಕೂರತೊಡಗಿದರು. ಪದ್ಧತಿ ಮಾತ್ರ ಹೆಸರಿಗೆ ಹಾಗೇ ಇತ್ತು.

ಒಂದು ದಿನ ದೊಡ್ಡ ಸಭೆ ಸೇರಿತು. ಸರ್ಕಾರಿ ವಕೀಲರಾಗಿದ್ದ ಅರವಿಂದ ಕೆಂಭಾವಿಯವರ ಹೆಸರು ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ದಿಲ್ಲಿಗೆ ಹೋಗಿತ್ತು. ಆಳುವ ಪಕ್ಷಕ್ಕೆ ಬೇಕಾದ ಮನುಷ್ಯ. ವಿರೋಧ ಪಕ್ಷದವರಾಗಿ ರಾಷ್ಟ್ರಪತಿಗಳಿಗೆ ಮನವಿ ಕೊಟ್ಟು ತಡೆಯಬೇಕೋ, ಸುಮ್ಮನಿರಬೇಕೋ ಎಂಬುದೇ ಪ್ರಶ್ನೆ.

ತಡೆಯಲೇಬೇಕು ಅಂದವಳು ಸುಶೀಲಕ್ಕ ಹಾದಿಮನಿ, ಪಕ್ಷದ ಮಹಿಳಾ ಘಟಕದವಳು. ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದಾಗ ಒಳಗೆ ಸುಟ್ಟುಹೋದ ಹೆಣ್ಣುಮಕ್ಕಳಲ್ಲಿ ಆಕೆಯ ತಂಗಿ ಶಾಂತವ್ವನ ಮಗಳು ಸಾವಂತ್ರಿಯೂ ಇದ್ದಳು. ಕೆಲಸದವರೇ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು ಎಂದು, ಸತ್ತವರ ತಾಯಂದಿರು ಹೂಡಿದ ಕೇಸಿನಲ್ಲಿ ಸರ್ಕಾರದ ಪರ ವಾದ ಮಾಡಿ ಗೆದ್ದವರು ಇದೇ ಕೆಂಭಾವಿ.

ವಯಸ್ಸಾದ ವಕೀಲ ದೇಸಾಯರು ಮೆಲ್ಲಗೆ ಹೇಳಿದರು: "ತಂಗಿ, ವಕೀಲ ಅಂದ್ರ ಕಕ್ಷಿದಾರ ಹೇಳಿದ್ದು ವಾದ ಮಾಡಾಂವ. ಅದನ್ನ ಹಿಡಕೊಂಡು ಜಡ್ಜ್ ಆಗೂದು ಬ್ಯಾಡ ಅಂದ್ರ, ನಾಳೆ ನಮ್ಮ ಸರ್ಕಾರ ಬಂದಾಗ ಅವರೂ ಹಂಗ ಮಾಡ್ತಾರ. ಕೋರ್ಟು ಸಂತಿ ಆಗತೈತಿ."

ಮಾತು ಸುಳ್ಳಲ್ಲ. ನನಗೂ ಒಂದು ಗಳಿಗೆ ಹೌದಲ್ಲ ಅನ್ನಿಸಿತು.

"ವಾದ ಮಾಡ್ಲಿ ಕಾಕಾ, ಬ್ಯಾಡ ಅನ್ನೂದಿಲ್ಲ," ಅಂದಳು ಸುಶೀಲಕ್ಕ. "ಆದ್ರ ಆ ಬಾಗಲಕ್ಕ ಒಳಗ ಚಿಲಕಾನ ಇರಲಿಲ್ಲ. ಹೊರಗಷ್ಟ ಕೀಲಿ ಇತ್ತು. ವಾದಕ್ಕ ಮೊದಲ ಕೆಂಭಾವಿಯವರು ಬಂದು ಕೈಲೆ ಮುಟ್ಟಿ ನೋಡ್ಯಾರ. ನಾನ ಮುಂದ ನಿಂತು ತೋರಿಸೀನಿ."

ಗೌಡರು ಕನ್ನಡಕ ಒರೆಸಿಕೊಂಡರು. ಅವರ ಮೇಲಿನ ಒಂದು ಕೇಸು ಅದೇ ಹೈಕೋರ್ಟಿನಲ್ಲಿತ್ತು. ಅದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. "ನಾವು ಹಾರ್ಯಾಡಿದ್ರೂ ಅವರು ಜಡ್ಜ್ ಆಗೂದು ತಪ್ಪೂದಿಲ್ಲ ಅಕ್ಕಾರ. ಆದಮ್ಯಾಲೆ ನಮ್ಮ ಹೆಸರು ಮಾತ್ರ ನೆನಪಿಟ್ಟಿರತಾರ. ವಿರೋಧ ಬ್ಯಾಡ ಅನ್ನೋರು ಕೂತಿರ್ರಿ."

ಕುರ್ಚಿಯ ಒಂದು ಕಾಲೂ ಅಲುಗಾಡಲಿಲ್ಲ. ಸುಶೀಲಕ್ಕ ಒಬ್ಬಳೇ ಎದ್ದಳು. ಕುರ್ಚಿ ನನ್ನ ಮೇಲೆಯೇ ಬಿಟ್ಟು, ಸೆರಗು ಸರಿಮಾಡಿಕೊಂಡು ಬರೀ ನೆಲದ ಮೇಲೆ ಕೂತಳು. ಚಹಾ ಬರಲಿಲ್ಲ. "ಮುಗೀತು, ನಡೀರಿ" ಅಂದರು ಗೌಡರು. ಎಲ್ಲರೂ ಆಕೆಯನ್ನು ಬಳಸಿಕೊಂಡು, ಚಪ್ಪಲಿ ಹುಡುಕುತ್ತ ಹೊರಟರು. ನನಗೆ ಎದ್ದು ಸರಿಯಲು ಬರುವುದಿಲ್ಲ. ಸರಿಯಲು ಬರುವವರು ಕೂತೇ ಇದ್ದರಲ್ಲ, ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಕೆಂಭಾವಿಯವರು ಪ್ರಮಾಣವಚನ ತೆಗೆದುಕೊಂಡ ದಿನ ನಮ್ಮ ಪಕ್ಷದಿಂದಲೂ ಹೂಗುಚ್ಛ ಹೋಯಿತು. ಮರುತಿಂಗಳು ಕಚೇರಿಗೆ ಉದ್ದನೆಯ ಮೇಜು ಬಂತು. ಮೇಜಿನ ಸುತ್ತ ಕೂತವರಿಗೆ ಸರಿಯುವ ಉಸಾಬರಿ ಇಲ್ಲ. ಹೊರಗೆ ಎಸೆದಿದ್ದ ನನ್ನನ್ನು ಸುಶೀಲಕ್ಕ ಹೊತ್ತುಕೊಂಡು ಹೋದಳು. ಪಕ್ಷದ ಕಡೆ ಮತ್ತೆ ಮುಖ ಹಾಕಲಿಲ್ಲ.

ಈಗ ಆಕೆಯ ಪಡಸಾಲೆಯೇ ನನ್ನ ಜಾಗ. ಅಂಚು ಬಿಚ್ಚಿಕೊಂಡಿದೆ, ಬಣ್ಣ ಮಾಸಿದೆ. ಮಿಲ್ಲಿನಲ್ಲಿ ಮಕ್ಕಳನ್ನು ಕಳಕೊಂಡ ತಾಯಂದಿರು ಬಂದು ನನ್ನ ಮೇಲೆ ಕೂರುತ್ತಾರೆ. ದಣಿದಿದ್ದಾರೆ.

ಆ ತಾಯಂದಿರ ಮೇಲ್ಮನವಿ ಮೊನ್ನೆ ಕೆಂಭಾವಿಯವರ ಪೀಠದ ಮುಂದೆಯೇ ಬಂತು. ಹಿಂದೆ ತಾವೇ ವಾದಿಸಿದ ಕೇಸೆಂದು ಅವರು ವಿಚಾರಣೆ ಮಾಡದೆ ಬೇರೆ ಪೀಠಕ್ಕೆ ಕಳಿಸಿದರು. ಗೌಡರು ಫೋನು ಮಾಡಿದರು: "ನೋಡಿದ್ರಿಲ್ಲೋ ಅಕ್ಕಾರ? ಮನುಷ್ಯ ನಿಯಮ ತಪ್ಪೂದಿಲ್ಲ. ಆವತ್ತ ಸುಮ್ಮನ ಸಿಟ್ಟಾದ್ರಿ."

ಸುಶೀಲಕ್ಕ ಫೋನು ಕೆಳಗಿಟ್ಟಳು.

ಶಾಂತವ್ವನಿಗೆ ಮಾತ್ರ ಸ್ವಲ್ಪ ಆಸೆ ಮೂಡಿತ್ತು. "ಅಕ್ಕಾ, ಹೊಸಾ ಜಡ್ಜ್ ಸಾಹೇಬ್ರನ್ನ ಕರಕೊಂಡು ಹೋಗಿ ಆ ಬಾಗಲಾ ತೋರಸೂಣೇನು?"

"ಮಿಲ್ಲು ಕೆಡವ್ಯಾರಲ್ಲ ಶಾಂತಿ. ಬಾಗಲಾ ಎಲ್ಲಿಂದ ತರೂದು?"

"ಮತ್ತ ಅದನ್ನ ನೋಡಿದವರು ಯಾರೂ ಇಲ್ಲೇನು?"

"ನಾ ನೋಡೀನಿ, ನನ್ನ ಮಾತು ಯಾರೂ ನಂಬೂದಿಲ್ಲ," ಅಂದಳು ಸುಶೀಲಕ್ಕ. "ಇನ್ನೊಬ್ಬಾಂವ ಕೈಲೆ ಮುಟ್ಟಿ ನೋಡ್ಯಾನ. ಜಡ್ಜ್ ಆಗಿ ಕೂತಾನ, ಅವನ್ನ ಈಗ ಸಾಕ್ಷಿಗೆ ಕರಿಯಾಕ ಬರೂದಿಲ್ಲ."