ಮೇಲೆ ಖಾಲಿ ಬಿಟ್ಟ ಹಾಳೆ

“ಏ, ನೀ ಅಲ್ಲೇ ನಿಂದ್ರು. ಚಪ್ಪಲಿ ಬಿಟ್ಟ ಕೂಡ್ಲೇ ಒಳಗ ಬರ್ಬೇಕಂತ ಯಾರು ಹೇಳ್ಯಾರ?”

ಮಿಲ್ಲಿನ ಮ್ಯಾನೇಜರ್ ಯಶವಂತ ಹಾಗೆಂದಾಗ ನನ್ನ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಭುವನೇಶ್ವರಿ ಮೇಡಂ ಹೀಲ್ಡ್ ಚಪ್ಪಲಿ ಟಕಟಕ ಅನ್ನಿಸುತ್ತ ಒಳಗೆ ಹೋಗಿ ಎ.ಸಿ. ಕೆಳಗೆ ಕೂತಿದ್ದರು. ಅವರ ಬ್ಯಾಗು, ಅವರ ನೀರಿನ ಬಾಟಲಿ, ಹಾಳೆಗಳ ಫೈಲು ಎಲ್ಲ ಹೊತ್ತುಕೊಂಡು ನಾನು ಹೊಸ್ತಿಲಿನ ಈಚೆ ನಿಂತೆ. ಇಂಟರ್ನ್ ಎಂದರೆ ಇದೇ. ನಾನು ಎಂ.ಎಸ್.ಡಬ್ಲ್ಯು. ಎರಡನೇ ವರ್ಷ. ಸ್ಟೇಶನ್ ಬಜಾರದಲ್ಲಿ ಮೇಡಂ ನಡೆಸುವ ಆಪ್ತಸಮಾಲೋಚನಾ ಕೇಂದ್ರದಲ್ಲಿ ಮುನ್ನೂರು ತಾಸು ದುಡಿಯಬೇಕು, ನನ್ನ ಡೈರಿಗೆ ಅವರು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಪದವಿಯೂ ಇಲ್ಲ.

“ಯಾವೂರು?” ಯಶವಂತ ಕೇಳಿದ.

“ಕಮಲಾಪುರ ರೀ.”

“ಕಮಲಾಪುರದಾಗ ಎಲ್ಲಿ?”

ಈ ಎರಡನೇ ಪ್ರಶ್ನೆ ಯಾಕೆ ಬರುತ್ತದೆಂದು ನಮ್ಮ ಓಣಿಯ ಕೂಸುಗಳಿಗೂ ಗೊತ್ತು. “ಭೀಮನಗರ ರೀ” ಎಂದೆ.

ಅವನು ಮೇಡಂ ಕಡೆ ತಿರುಗಿ ನಕ್ಕ. “ಛಲೋ ಆತ್ ನೋಡ್ರಿ ಮೇಡಂ. ಇಲ್ಲಿ ಹಮಾಲ್ರು ಬಹಳ ಮಂದಿ ಅದೇ ಓಣಿದವ್ರು. ಅವರಿಗಿ ಅವರೇ ಹೇಳಿದ್ರ ಕೇಳ್ತಾರ.”

“ಅದಕ್ಕೇ ಅಲ್ರೀ ಇಕಿನ್ನ ಕರ್ಕೊಂಡು ಬಂದಿದ್ದು” ಎಂದರು ಮೇಡಂ.

ಹಿಂದಿನ ದಿನ ಅವರು ನನ್ನ ಹೆಸರು ಕೂಗಿದಾಗ, ನನ್ನ ಕೇಸ್ ರಿಪೋರ್ಟುಗಳು ಚೆನ್ನಾಗಿರುತ್ತವೆ ಅದಕ್ಕೇ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು.

“ಒಂಬತ್ತು ದಿನ ಆತ್ರೀ” ಎಂದ ಯಶವಂತ. “ಒಬ್ಬ ಸೂಳೆಮಗ ಟಾಂಕಿಗಿ ಇಳೀವಲ್ಲ. ತೊಗರಿ ಒಳಗ ಹಂಗೇ ಕುಂತದ. ಮಿಲ್ ಮಾಲಕ ದೌಲಪ್ಪ ಸಾಹುಕಾರ್ರು ದಿನಾ ನನಗ ಉಗಳ್ಲಾಕತ್ತಾರ. ಇವರ ತಲ್ಯಾಗಿನ ಅಂಜಿಕಿ ತೆಗೀರಿ ಸಾಕು.”

ಮೇಡಂ ಫೈಲಿನಲ್ಲಿ ಇದರ ಹೆಸರು ‘ಶೋಕ ಸಮಾಲೋಚನೆ’ ಎಂದಿತ್ತು.

ಸತ್ತವನು ಪ್ರೇಮಕುಮಾರ. ಭೀಮನಗರದಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ. ಏಳನೇ ತರಗತಿಯವರೆಗೆ ನನ್ನ ಹಿಂದಿನ ಸಾಲಿನಲ್ಲಿ ಕೂತು ನನ್ನ ಜಡೆ ಜಗ್ಗುತ್ತಿದ್ದ. ಕಪನೂರಿನ ಈ ಬೇಳೆ ಮಿಲ್ಲಿನಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ತೊಗರಿ ಟಾಂಕಿಗಳಿವೆ. ಕಾಳು ಗಟ್ಟಿಯಾಗಿ ಸಿಕ್ಕಿಕೊಂಡರೆ ಮೇಲಿನಿಂದ ಒಬ್ಬ ಒಳಗಿಳಿದು ಬಿದಿರಿನ ಕೋಲಿನಿಂದ ತಿವಿದು ಸಡಿಲು ಮಾಡಬೇಕು. ಅವತ್ತು ಇಳಿದವನು ಪ್ರೇಮಕುಮಾರ. ಮೇಲೆ ಬಂದದ್ದು ಹೆಣ.

ಗೋದಾಮಿನಲ್ಲಿ ನಲವತ್ತೊಂದು ಜನ ಖಾಲಿ ಚೀಲಗಳ ಮೇಲೆ ಕೂತಿದ್ದರು. ಮೈತುಂಬ ತೊಗರಿ ಧೂಳು. ನನ್ನನ್ನು ನೋಡಿ ಹತ್ತಾರು ಮುಖ ಅರಳಿದವು. ಹಮಾಲರ ಮೇಸ್ತ್ರಿ ಭೀಮಶಾ ಕಾಕಾ ಎದ್ದು ತನ್ನ ಟವೆಲ್ಲಿನಿಂದ ನನಗೊಂದು ಕುರ್ಚಿ ಒರೆಸಿಕೊಟ್ಟ. “ಕುಂದ್ರವ್ವ ಯಶೋಧರಾ. ನಮ್ಮ ಹುಡುಗಿ ಬಂದಾಳ್ರೋ.”

ಮೇಡಂ ಹೇಳಿಕೊಟ್ಟಂತೆ ಶುರುಮಾಡಿದೆ. “ಎಲ್ಲರೂ ಕಣ್ಣು ಮುಚ್ರಿ. ಬೆನ್ನು ನೆಟ್ಟಗ ಮಾಡ್ರಿ. ಮೂಗಿನಿಂದ ಆಳವಾಗಿ ಉಸಿರು ತೊಗೋರಿ.”

ಯಾರೂ ಉಸಿರು ತೆಗೆದುಕೊಳ್ಳಲಿಲ್ಲ. ಹಿಂದಿನಿಂದ ಶಬ್ಬೀರ್ ಎಂಬ ಹಮಾಲನ ದನಿ ಬಂತು. “ಏನ್ ಹಚ್ಚೀಯವ್ವಾ? ಅಂವ ಉಸಿರು ಸಿಗ್ದೇ ಸತ್ತಾನ. ನಮಗ ಉಸಿರು ತೊಗೊಳ್ಳೋದು ಕಲಸ್ಲಾಕ ಬಂದೀಯೇನು?”

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಕೈಯಲ್ಲಿದ್ದ ಸೂಚನೆಗಳ ಕಾಗದ ಮಡಚಿ ಕುರ್ಚಿ ಬಿಟ್ಟು ಅವರ ನಡುವೆ ಚೀಲದ ಮೇಲೆ ಕೂತೆ. ಆಮೇಲೆ ಭೀಮಶಾ ಕಾಕಾ ತಾನಾಗೇ ಬಾಯಿಬಿಟ್ಟ.

“ಹಗ್ಗ ಕೊಡ್ರಿ ಅಂದ ತಂಗಿ. ಎರಡು ಸಲ ಅಂದ. ಈ ಹಲ್ಕಟ್ ಯಶವಂತ ಏನಂದ ಗೊತ್ತದೇನು? ‘ನೀ ಏನ್ ಬಾವಿಗಿ ಇಳೀಲಾಕತ್ತೀಯೇನಲೇ, ಕಾಳಿನಾಗ ಇಳೀಲಾಕತ್ತಿ, ಹಗ್ಗ ಯಾಕಲೇ’ ಅಂದ. ಕಾಳು ಇಳಿಯೋ ಕೆಳಗಿನ ಬಾಗ್ಲಾ ತೆರದಿತ್ತು. ಕೋಲು ಹಾಕಿದ ಕೂಡ್ಲೇ ಕಾಳು ಸರೀತು. ಟೊಂಕದ ಮಟ ಹೋದ. ‘ಕಾಕಾ ಕೈ ಹಿಡಿ’ ಅಂದ, ಹಿಡ್ದೆ. ಎದಿ ಮಟ ಹೋದ. ಕಾಳು ಜಗ್ಗತದವ್ವಾ. ಮನಷ್ಯಾನ ಕೈಯಾಗ ಅಷ್ಟು ಜೋರು ಇಲ್ಲ. ಕುತ್ತಿಗಿ ಮಟ ಹೋದಾಗ ಅಂವನೇ ಕೈ ಬಿಟ್ಟ. ಕಾಕಾನ್ನೂ ಒಳಗ ಜಗ್ಗಲಾಕತ್ತೀನಿ ಅಂತ ತಿಳೀತು ಅವನಿಗಿ.”

ಅವನು ಅಳಲಿಲ್ಲ. ನಾನು ಅತ್ತೆ. ಆಗ ಶಬ್ಬೀರ್ ಅತ್ತ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಎರಡು ವರ್ಷದಲ್ಲಿ ನಾನು ಮಾಡಿದ ಖರೇ ಸಮಾಲೋಚನೆ ಎಂದರೆ ಅದೊಂದೇ ಇರಬೇಕು.

ಬಾಗಿಲಲ್ಲಿ ಮೇಡಂ ನಿಂತಿದ್ದರು. ನನ್ನನ್ನು ಹೊರಗೆ ಕರೆದು, “ಇಂಟರ್ನ್ ಅಳಬಾರ್ದು ಯಶೋಧರಾ, ಮಾರ್ಕ್ಸ್ ಹೋಗ್ತಾವ” ಎಂದು, ಫೈಲಿನಿಂದ ಹಾಳೆ ತೆಗೆದುಕೊಟ್ಟರು. “ಸಹಿ ತೊಗೊಂಡು ಮುಗ್ಸು.”

ಹಾಜರಿ ಹಾಳೆ. ಕ್ರಮಸಂಖ್ಯೆ, ಹೆಸರು, ಸಹಿ ಎಂದು ಮೂರು ಕಾಲಂ. ಮೇಲೆ ನಾಲ್ಕು ಬೆರಳಿನಷ್ಟು ಖಾಲಿ. ಕಾರ್ಯಕ್ರಮದ ಹೆಸರು, ದಿನಾಂಕ ಆಮೇಲೆ ಟೈಪು ಮಾಡಿಸುವುದು ನಮ್ಮಲ್ಲಿ ರೂಢಿ, ಯಾಕೆಂದರೆ ಕಾಲೇಜಿನವರು ತಿಂಗಳಿಗೊಂದು ನಮೂನೆ ಬದಲಿಸುತ್ತಾರೆ. ಅಂಗನವಾಡಿ, ಶಾಲೆ, ವೃದ್ಧಾಶ್ರಮ, ಎಲ್ಲ ಕಡೆ ನಾವು ಹೀಗೇ ಸಹಿ ತಂದವರು. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

“ಇದು ಯಾತರದ್ದು?” ಎಂದ ಶಬ್ಬೀರ್.

ನಾನು ಬಾಯಿ ತೆರೆಯುವ ಮೊದಲೇ ಭೀಮಶಾ ಕಾಕಾ ಗದರಿದ. “ಹುಡುಗಿ ಪರೀಕ್ಷಾಕ್ಕ ಬೇಕಲೇ. ಓಣ್ಯಾಗ ಇಷ್ಟು ಓದಿದಾಕಿ ಇಕಿ ಒಬ್ಬಾಕಿನೇ. ಒತ್ರಿ ಸುಮ್ಕ.” ಮೊದಲ ಹೆಬ್ಬಟ್ಟು ಅವನೇ ಒತ್ತಿದ. ಉಳಿದವರು ಸಾಲಾಗಿ ಬಂದರು. ಪ್ರತಿ ಹೆಬ್ಬಟ್ಟಿನ ಪಕ್ಕ ನಾನೇ ನನ್ನ ಗುಂಡು ಅಕ್ಷರದಲ್ಲಿ ಹೆಸರು ಬರೆದೆ. ನಲವತ್ತೊಂದು. ಹಾಳೆಯನ್ನು ಮೇಡಂ ಕೈಗೆ ಕೊಟ್ಟೆ. ಸಂಜೆ ಡೈರಿಯಲ್ಲಿ ಮೂರು ಪುಟ ಬರೆದು ಅದನ್ನೂ ಸಹಿಗೆಂದು ಅವರಿಗೇ ಕೊಟ್ಟೆ.

ತಿಂಗಳು ಕಳೆಯಿತು. ಒಂದು ಶುಕ್ರವಾರ ಮೇಡಂ ಫೋನು ಮಾಡಿದರು. “ಪ್ರೇಮಕುಮಾರನ ವಿಚಾರಣಿ ಅದ. ಹಾಳಿ ಮ್ಯಾಲ ಇರೋದು ನಿನ್ನ ಅಕ್ಷರ ಹೌದಾ ಅಂತ ಕೇಳ್ತಾರ. ಹೌದು ಅನ್ನು. ಮುಂದ ಮಾತಾಡ್ಬ್ಯಾಡ. ಡೈರಿ ಅಲ್ಲೇ ತರ್ತೀನಿ.”

ಸರ್ಕಾರಿ ಕಚೇರಿಯ ಕೋಣೆ. ಮೇಜಿನ ಆಚೆ ವಿಚಾರಣೆಯ ಸಾಹೇಬ, ಈಚೆ ಯಶವಂತ, ಮೇಡಂ. ಗೋಡೆ ಪಕ್ಕ ನೆಲದ ಮೇಲೆ ಪ್ರೇಮಕುಮಾರನ ತಾಯಿ ಪುತಳಾಬಾಯಿ ಕೂತಿದ್ದಳು. ಬೆಂಚು ಖಾಲಿಯೇ ಇತ್ತು.

ಸಾಹೇಬ ನನ್ನ ಮುಂದೆ ಹಾಳೆ ತಳ್ಳಿದ. ಹೆಬ್ಬಟ್ಟುಗಳು ಅವೇ. ನನ್ನ ಗುಂಡು ಅಕ್ಷರ ಅದೇ. ಮೇಲೆ ಖಾಲಿ ಇದ್ದ ಜಾಗದಲ್ಲಿ ಈಗ ದಪ್ಪಗೆ ಟೈಪಾಗಿತ್ತು: ‘ಟಾಂಕಿ ಸುರಕ್ಷತಾ ತರಬೇತಿ. ತರಬೇತಿ ನೀಡಿದವರು: ಕು. ಯಶೋಧರಾ.’ ದಿನಾಂಕ, ಪ್ರೇಮಕುಮಾರ ಸಾಯುವುದಕ್ಕೆ ಇಪ್ಪತ್ತು ದಿನ ಮೊದಲಿನದು. ಕೊನೆಯ ಸಾಲು, ಕ್ರಮಸಂಖ್ಯೆ ನಲವತ್ತೆರಡು: ಪ್ರೇಮಕುಮಾರ. ಪಕ್ಕದಲ್ಲಿ ನೀಲಿ ಪೆನ್ನಿನ ಸಹಿ.

“ಹಗ್ಗ ಕಟ್ಟಕೊಂಡೇ ಇಳೀಬೇಕು ಅಂತ ಕಲಿಸೀವ್ರೀ” ಎನ್ನುತ್ತಿದ್ದ ಯಶವಂತ. “ಕಲ್ತು ಸಹಿನೂ ಮಾಡ್ಯಾನ. ಅವತ್ತು ಕುಡಿದು ಬಂದಿದ್ದ, ಹಂಗೇ ಇಳದ. ಅವನ ತಪ್ಪಿಗಿ ಮಿಲ್ ಏನ್ ಮಾಡ್ತದ್ರೀ?”

“ಅಕ್ಷರ ನಿಂದೇನಾ?” ಸಾಹೇಬ ಕೇಳಿದ.

“ನಂದೇ ರೀ. ಆದ್ರ ಇದು ಸುಳ್ಳು. ಅಂವ ಸತ್ತು ಒಂಬತ್ತು ದಿನಕ್ಕ ತೊಗೊಂಡ ಸಹಿ ಇವು. ಕಡೀ ಹೆಸರು ನಾ ಬರದಿದ್ದಲ್ಲ, ಸಹಿ ಅವಂದಲ್ಲ. ಸತ್ತಂವ ಹ್ಯಾಂಗ ಸಹಿ ಮಾಡ್ತಾನ್ರೀ?”

“ಆಧಾರ?”

“ನನ್ನ ಡೈರಿ. ಮೇಡಂ ಕಡೆ ಅದ.”

ಮೇಡಂ ಬ್ಯಾಗಿನಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟರು. ನಾನೇ ಹುಡುಕಿದೆ. ಆ ದಿನದ ಪುಟಗಳು ಇರಲಿಲ್ಲ. ಹೊಲಿಗೆಯ ಹತ್ತಿರ ಒಂದು ಚೂರೂ ಉಳಿಯದಂತೆ ಬಿಚ್ಚಿ ಮತ್ತೆ ಹೊಲಿದಿದ್ದರು. “ಇಕಿ ಹೇಳೋ ದಿನ ಇಕಿ ರಜಾದಾಗಿದ್ಲು ಸರ್” ಎಂದರು ಮೇಡಂ, ಮೆತ್ತಗೆ, ಕೇಂದ್ರಕ್ಕೆ ಬರುವ ಹೆಂಗಸರೊಡನೆ ಮಾತಾಡುವ ಅದೇ ದನಿಯಲ್ಲಿ.

ಸಾಹೇಬ ಕನ್ನಡಕದ ಮೇಲಿನಿಂದ ನೋಡಿದ. “ಮ್ಯಾಲ ಖಾಲಿ ಬಿಟ್ಟ ಹಾಳಿಗಿ ಯಾಕ ಸಹಿ ತೊಗೊಂಡಿ? ಓದಿದಾಕಿ ಅಲ್ಲ ನೀನು?”

“ನಾವು ಎಲ್ಲಾ ಕಡೆ ಹಂಗೇ ತೊಗೊಳ್ತೀವ್ರೀ” ಎಂದೆ.

“ಈ ನಲವತ್ತೊಂದು ಮಂದಿ ಬರೆದು ಕೊಡ್ಲಿ, ನೋಡೋಣ. ಸೋಮವಾರ ತನಕ ಟೈಮ್. ಇಲ್ಲಂದ್ರ ಸತ್ತವಂದೇ ತಪ್ಪು ಅಂತ ಬರೆದು ಮುಗಿಸ್ತೀನಿ.”

ಹೊರಗೆ ಮೆಟ್ಟಿಲ ಮೇಲೆ ಮೇಡಂ ನನ್ನ ತೋಳು ಹಿಡಿದರು. ಈಗ ಆ ಮೆತ್ತನೆಯ ದನಿ ಇರಲಿಲ್ಲ. “ಸೀಟು ಕೊಟ್ಟು, ಸ್ಕಾಲರ್‌ಶಿಪ್ ಕೊಟ್ಟು ತಲಿಮ್ಯಾಲ ಕೂಡ್ಸ್ಕೊಂಡ್ರ ಕಡೀಗಿ ನಿಮ್ಮ ಜಾತಿ ಬುದ್ಧಿ ತೋರಸ್ತೀರಿ. ನೀನೂ ಕೇಳು, ಸೋಮವಾರ ತನಕ. ಹೇಳಿಕಿ ಬದಲು ಮಾಡು, ಡೈರಿಗಿ ಸಹಿ ಮಾಡ್ತೀನಿ. ಇಲ್ಲಂದ್ರ ನಿನ್ನ ಮುನ್ನೂರು ತಾಸು ಗಟಾರಕ್ಕ ಹೋದ್ವು ತಿಳ್ಕೋ.”

ಭಾನುವಾರ ಮುಂಜಾನೆ ಕಮಲಾಪುರದ ಬಸ್ಸು ಹತ್ತಿದೆ. ಈ ಸಲ ಹಾಳೆಯ ಮೇಲ್ಗಡೆ ನಾನೇ ದೊಡ್ಡದಾಗಿ ಬರೆದಿದ್ದೆ: ‘ನಮಗೆ ಯಾವ ತರಬೇತಿಯನ್ನೂ ಕೊಟ್ಟಿಲ್ಲ. ಪ್ರೇಮಕುಮಾರ ಹಗ್ಗ ಕೇಳಿದ್ದ, ಕೊಡಲಿಲ್ಲ.’ ಅವತ್ತಿನ ದಿನಾಂಕವನ್ನೂ ಬರೆದಿದ್ದೆ. ಕೆಳಗೆ ನಲವತ್ತೊಂದು ಸಾಲು ಎಳೆದಿದ್ದೆ.

ಭೀಮನಗರಕ್ಕೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಭೀಮಶಾ ಕಾಕಾ ಕಟ್ಟೆಯ ಮೇಲಿದ್ದ. ಕುಂದ್ರು ಅನ್ನಲಿಲ್ಲ. ನಾನು ಹಾಳೆ ಓದಿ ಹೇಳಿದೆ.

“ಹಿಂದಿನ ಸಲನೂ ನೀನೇ ಬಂದಿದ್ದಿ” ಎಂದ.

“ಕಾಕಾ, ನನಗ ಗೊತ್ತಿರಲಿಲ್ಲ. ಖರೇ ಹೇಳ್ತೀನಿ.”

“ನಿನಗ ಗೊತ್ತಿಲ್ಲಂದ್ರ ನಮಗ ಹ್ಯಾಂಗ ಗೊತ್ತಿರ್ಬೇಕವ್ವಾ? ನಾ ಕೈ ಹಿಡ್ದಂವ. ಅಂವಂದೇ ತಪ್ಪು ಅನ್ನೋ ಹಾಳಿಗಿ ಮೊದಲ ಹೆಬ್ಬಟ್ಟು ನಂದು.” ಅವನು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. “ಯಶವಂತ ಹೇಳ್ಯಾನ. ಯಾರು ಬರೆದು ಕೊಡ್ತಾರ ಅವರು ನಾಳಿಂದ ಬರಬ್ಯಾಡ ಅಂತ. ನಾ ಮೇಸ್ತ್ರಿ. ನನ್ನ ಹಿಂದ ಇಪ್ಪತ್ತು ಮನಿ ಅವ. ಹೋಗು ತಂಗಿ.”

ಮನೆಮನೆ ತಿರುಗಿದೆ. ಬಾಗಿಲು ಹಾಕಿಕೊಂಡರು. ಕೆಲವರು ಮನೆಯಲ್ಲಿದ್ದೇ ಇಲ್ಲ ಅನ್ನಿಸಿದರು. ಶಬ್ಬೀರನ ಮನೆ ಆಚೆ ಓಣಿಯಲ್ಲಿ. ಅವನ ಹೆಂಡತಿ ಗುಲ್ಶನ್ ನನ್ನ ಕೈಯಲ್ಲಿದ್ದ ಹಾಳೆ ಕಂಡದ್ದೇ ಅಂಗಳಕ್ಕೆ ಬಂದಳು. “ನಮ್ಮವರ ಹೆಬ್ಬಟ್ಟು ಎಷ್ಟಕ್ಕ ಮಾರ್ಕೊಂಡೆ ಹೇಳಲೇ ರಂಡೆ? ಮತ್ತ ಬಂದೀಯೇನು ಉಳದ ಬೆರಳೂ ಕೊಯ್ಲಾಕ?” ಸುತ್ತ ಜನ ನಿಂತು ನೋಡಿದರು. ಅವಳು ಬೈದದ್ದರಲ್ಲಿ ಒಂದನ್ನೂ ತಪ್ಪು ಅನ್ನುವಂತಿರಲಿಲ್ಲ, ಹಾಳೆ ಮಡಚಿಕೊಂಡು ಮುಂದೆ ನಡೆದೆ.

ಕೊನೆಗೆ ಪುತಳಾಬಾಯಿಯ ಮನೆ. ಹೊಸ್ತಿಲಲ್ಲಿ ಕೂತು ರೇಷನ್ ಅಕ್ಕಿ ಆರಿಸುತ್ತಿದ್ದಳು. ಅವಳ ಹೆಬ್ಬಟ್ಟು ಆ ಹಾಳೆಯಲ್ಲಿರಲಿಲ್ಲ. ಅವಳಿಗೆ ಮಿಲ್ಲಿನ ಭಯವೂ ಇನ್ನಿರಲಿಕ್ಕಿಲ್ಲ, ಅವಳೊಬ್ಬಳು ಒತ್ತಿದರೂ ಸಾಕು ಎಂದುಕೊಂಡು ಎದುರಿಗೆ ಕೂತೆ.

“ಆಯಿ, ಒಂದು ಹೆಬ್ಬಟ್ಟು ಒತ್ತು. ನಿನ್ನ ಮಗ ಹಗ್ಗ ಕೇಳಿದ್ದ ಅಂತ ಬರದೀನಿ.”

“ಓದು” ಎಂದಳು. ಓದಿದೆ. ಮತ್ತೊಮ್ಮೆ ಓದು ಎಂದಳು. ಓದಿದೆ. ಅವಳು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು.

“ನನ್ನ ಮಗ ಸತ್ತು ಮಣ್ಣಾದ ಮ್ಯಾಲೂ ಸಹಿ ಮಾಡ್ಯಾನಂತ ಅಲ್ಲೇನು? ಅವನಿಗೇ ಕೇಳ್ಹೋಗು. ಅಂವ ಮಾಡ್ತಾನ.”

ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ಇನ್ನೂ ಅಲ್ಲಿ ಕೂತಿದ್ದೇನೋ ಇಲ್ಲವೋ ಎಂದು ತಿರುಗಿಯೂ ನೋಡಲಿಲ್ಲ.

ಸೋಮವಾರ ಹನ್ನೊಂದಕ್ಕೆ ಕಚೇರಿಯ ಟಪಾಲು ಕಿಟಕಿಯ ಮುಂದೆ ನಿಂತೆ. ರಾತ್ರಿಯೇ ಬೇರೆ ಹಾಳೆಯಲ್ಲಿ ನನ್ನ ಹೆಸರಿನಲ್ಲಿ ಎಲ್ಲ ಬರೆದಿದ್ದೆ: ಸಹಿ ಯಾವತ್ತು ತೆಗೆದುಕೊಂಡೆ, ಮೇಲೆ ಯಾಕೆ ಖಾಲಿ ಬಿಟ್ಟೆ, ಡೈರಿಯ ಪುಟ ಹೇಗೆ ಹೋಯಿತು, ಭೀಮಶಾ ಕಾಕಾ ಅವತ್ತು ಚೀಲದ ಮೇಲೆ ಕೂತು ಏನು ಹೇಳಿದ. ಕೆಳಗೆ ಒಂದೇ ಸಹಿ, ನನ್ನದು.

ಗುಮಾಸ್ತ ಹಾಳೆ ತಿರುವಿ ನೋಡಿದ. “ಸಾಹೇಬ್ರು ನಲವತ್ತೊಂದು ಅಂದಿದ್ರು. ಒಂದೇ ಅದಲ್ಲ?”

“ಒಂದೇ ರೀ.”

“ಮೃತನಿಗೂ ನಿಮಗೂ ಏನ್ ಸಂಬಂಧ? ಅದು ಬರೆದಿಲ್ಲ. ಬರೀರಿ.”

ಅವನ ಪೆನ್ನನ್ನೇ ಇಸಿದುಕೊಂಡು ಬರೆದೆ: ‘ಅವನನ್ನು ಕೊಂದವರಿಗೆ ಸಹಿ ತಂದುಕೊಟ್ಟವಳು.’

ಗುಮಾಸ್ತ ಓದಿದ. ಮತ್ತೆ ಓದಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಹಿಂಗ ಬರದ್ರ ನಿಮ್ಮ ಮ್ಯಾಲೇ ಕೇಸ್ ಆಗ್ತದ. ಹುಚ್ಚ ಹಿಡದದೇನು? ಓಣಿಯಾಕಿ ಅಂತ ಬರೀರಿ, ಸಾಕು.”

“ಹಿಂಗೇ ಇರ್ಲಿ ರೀ. ಸಿಕ್ಕಾ ಒತ್ತಿ ಒಂದು ಪ್ರತಿ ನನಗ ಕೊಡ್ರಿ.”

ಅವನು ಹಾಳೆಯನ್ನು ಕಿಟಕಿಯಿಂದ ಹೊರಗೆ ತಳ್ಳಿದ. ನಾನು ಒಳಗೆ ತಳ್ಳಿದೆ. ಅವನು ಮತ್ತೆ ಹೊರಗೆ ತಳ್ಳಿದ. ನನ್ನ ಹಿಂದೆ ಸಾಲು ಬೆಳೆದಿತ್ತು, ಯಾರೋ ಸರೀರಿ ಸರೀರಿ ಎಂದು ಬೆನ್ನಿಗೆ ಕೈ ಹಚ್ಚಿದರು. ಮೊಬೈಲು ಹೊಡೆದುಕೊಳ್ಳತೊಡಗಿತು, ಮೇಡಂ ಹೆಸರು. ನಾನು ಎತ್ತಲಿಲ್ಲ. ಹಾಳೆಯನ್ನು ನೆಟ್ಟಗೆ ಮಾಡಿ ಮತ್ತೆ ಒಳಗೆ ತಳ್ಳಿದೆ.